ಕೆಂಪು ಗುರುತಿನ ಪೆಟ್ಟಿಗೆಗಳು

ನಮ್ಮ ಟೀಚರ್ ಸ್ಲೇಟು ಕೊಳ್ಳುವುದನ್ನು ಒಮ್ಮೆ ನೋಡಿದವರು ಮರೆಯುವುದು ಕಷ್ಟ. ಮಾಮೂಲ್‌ಪೇಟೆಯ ನನ್ನ ಅಂಗಡಿಗೆ ಬಂದವರೇ, ಸ್ಟೂಲು ಬೇಡವೆಂದು ಒಂದು ಖಾಲಿ ಡಬ್ಬ ಬೋರಲು ಹಾಕಿಸಿಕೊಂಡು ಕೂರುತ್ತಾರೆ. "ಒಂದು ಕೊಡಯ್ಯಾ" ಎನ್ನುತ್ತಾರೆ. ಕೊಟ್ಟರೆ ಅದನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಕೈ ಬಿಡುತ್ತಾರೆ. ಠಪ್ಪೆಂದು ನೆಲಕ್ಕೆ ಬೀಳುತ್ತದೆ. ಒಡೆಯದಿದ್ದರೆ ಎತ್ತಿಕೊಂಡು, ಚೌಕಟ್ಟಿನ ಮೂಲೆಗಳ ಮೇಲೆ ಬೆರಳಾಡಿಸಿ, ಬಳಪದಿಂದ ಒಂದು ಸೊನ್ನೆ ಬರೆದು, ಅಂಗೈಯಲ್ಲಿ ಒರೆಸಿ, ಮತ್ತೆ ಬರೆಯುತ್ತಾರೆ. ಗಿರಾಕಿಗಳೆಲ್ಲ ಸುತ್ತ ನಿಂತು ನೋಡುತ್ತಾರೆ. ಕೈಗಾಡಿಯವರೂ ಗಾಡಿ ನಿಲ್ಲಿಸಿಬಿಡುತ್ತಾರೆ.

"ಟೀಚರ್, ಇದು ಹೋಲ್‌ಸೇಲ್ ಅಂಗಡಿ. ನೀವು ಹಿಂಗೆ ಬೀಳಿಸ್ತಾ ಹೋದ್ರೆ ನಾನು ಬಾಗಿಲು ಹಾಕ್ಕೊಂಡು ಹೋಗ್ಬೇಕಾಗುತ್ತೆ" ಎಂದೆ ಒಮ್ಮೆ.

"ಮಗು ಬೀಳಿಸೋದಕ್ಕಿಂತ ಮೆತ್ತಗೇ ಬೀಳಿಸಿದೀನಿ ಕಣಯ್ಯಾ. ಹೂಂ, ಇನ್ನೊಂದು ಕೊಡು."

ಚಾಮರಾಜಪೇಟೆಯ ಶಾಲೆಯಲ್ಲಿ ಅವರು ನನಗೆ ಭೂಗೋಳ ಕಲಿಸಿದವರು. ಆಗಷ್ಟೇ ಕೆಲಸಕ್ಕೆ ಸೇರಿದ್ದರು, ನಾನು ಕೊನೆಯ ಬೆಂಚು. ನಾನು ಬರೆದ ನಕ್ಷೆಯನ್ನು ಇಡೀ ತರಗತಿಗೆ ತೋರಿಸಿ, "ನೋಡ್ರಪ್ಪಾ, ಇವನ ಕಾವೇರಿ ಸಮುದ್ರದಿಂದ ಹೊರಟು ಬೆಟ್ಟ ಹತ್ತುತಾ ಇದೆ. ಪಾಪ, ಎಷ್ಟು ಸುಸ್ತಾಗಿರಬೇಕು!" ಎಂದಿದ್ದರು. ಮಕ್ಕಳೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಶಾಲೆ ಬಿಟ್ಟ ಮೇಲೆ ನನ್ನನ್ನು ಕೂರಿಸಿಕೊಂಡು, ನದಿ ಕೆಳಕ್ಕೆ ಹರಿಯುವ ತನಕ ಮನೆಗೆ ಕಳಿಸಲಿಲ್ಲ.

ಅಂಥವರು ಒಂದು ಬೇಸಿಗೆ ರಜೆಯಲ್ಲಿ ಇದ್ದಕ್ಕಿದ್ದಂತೆ ಹೊರದೇಶಕ್ಕೆ ಹೋಗಿಬಿಟ್ಟರು. ಅಲ್ಲೊಂದು ಕಡೆ ಭೂಕಂಪವಾಗಿ ಜನ ಡೇರೆಗಳಲ್ಲಿದ್ದರು. ಪರಿಹಾರದ ಸಂಸ್ಥೆಯೊಂದರ ಬಳಿ ವೈದ್ಯರಿದ್ದರು, ಎಂಜಿನಿಯರುಗಳಿದ್ದರು, ಶಾಲೆ ನಡೆಸಬಲ್ಲವರು ಮಾತ್ರ ಇರಲಿಲ್ಲವಂತೆ. ಅಲ್ಲಿಂದ ಶುರುವಾದದ್ದು ನಿಂತಿಲ್ಲ. ಕೆಲಸದಲ್ಲಿದ್ದಷ್ಟು ಕಾಲ ರಜೆಗಳೆಲ್ಲ ಅದಕ್ಕೇ ಹೋದವು. ನಿವೃತ್ತಿಯಾದ ಮೇಲೆ ತ್ಯಾಗರಾಜನಗರದ ಅವರ ಮನೆಗೆ ಬೀಗ ಬಿದ್ದಿರುವ ತಿಂಗಳುಗಳೇ ಜಾಸ್ತಿ. ಪ್ರವಾಹ ಬಂದಲ್ಲಿ, ಯುದ್ಧದಿಂದ ಜನ ಓಡಿಬಂದಲ್ಲಿ, ಗಡಿಯ ಬಯಲುಗಳಲ್ಲಿ ಅವರು ಶಾಲೆ ತೆರೆಯುತ್ತಾರೆ. ಎರಡು ಮೂರು ತಿಂಗಳಿದ್ದು ವಾಪಸು ಬರುತ್ತಾರೆ. ಶಾಲೆ ಅಲ್ಲೇ ಉಳಿಯುತ್ತದೆ.

ಅದು ಹೇಗೆ ಉಳಿಯುತ್ತದೆ ಎಂದು ಕೇಳಿದ್ದೆ.

"ನಾನು ಪಾಠ ಮಾಡೋಕೆ ಹೋಗಲ್ಲಯ್ಯಾ. ಪಾಠ ಮಾಡೋರನ್ನ ಹುಡುಕೋಕೆ ಹೋಗ್ತೀನಿ. ಮೊದಲನೇ ದಿನ ಬಿಂದಿಗೆ ಹಿಡ್ಕೊಂಡು ನೀರಿನ ಸಾಲಲ್ಲಿ ನಿಂತ್ಕೊಂಡ್ಬಿಡ್ತೀನಿ. ಅಷ್ಟು ಬಿಸಿಲು, ಅಷ್ಟು ಜಗಳ. ಅದರ ಮಧ್ಯೆ ಮಕ್ಕಳನ್ನ ಯಾರು ನಗಿಸ್ತಾ ನಿಲ್ಲಿಸ್ಕೊಂಡಿರ್ತಾರೋ, ಅವರೇ ನನ್ನ ಟೀಚರ್."

ಹೀಗೆ ನೀರಿನ ಸಾಲಿನಿಂದ ಅವರು ಆರಿಸಿ ತಂದವರಲ್ಲಿ ಒಬ್ಬ ಕ್ಷೌರಿಕನಿದ್ದ, ಒಬ್ಬ ಬಸ್ ಕಂಡಕ್ಟರ್ ಇದ್ದ, ತುಂಬು ಬಸುರಿಯೊಬ್ಬಳಿದ್ದಳು. ಅವರಿಗೆ ಹೇಳಿಕೊಡುವುದಷ್ಟೇ ಟೀಚರ್ ಕೆಲಸ. ಅಲ್ಲಿ ಏನು ಬೇಕೆಂದು ಅವರೇ ಹೇಳಬೇಕು. ನಾವು ಇಲ್ಲಿ ಕೂತು ಊಹಿಸುವಂತಿಲ್ಲ. ಒಮ್ಮೆ ಆ ಕಡೆಯಿಂದ ಬಂದ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಸೇಫ್ಟಿ ಪಿನ್ನು ಇತ್ತು. ನನಗೆ ನಗು ಬಂತು. ಟೀಚರ್ ನಗಲಿಲ್ಲ. ಮಕ್ಕಳ ಅಂಗಿಗೆ ಗುಂಡಿ ಇಲ್ಲ, ಎದ್ದು ನಿಂತು ಉತ್ತರ ಹೇಳಲು ನಾಚಿಕೆ, ಅದಕ್ಕೆ ಎಂದರು.

ನಮ್ಮ ಕಡೆಯ ಸಂಘದವರು ಅವರಿಗೆ ಶಾಲು ಹೊದಿಸಿ ಸನ್ಮಾನ ಮಾಡುತ್ತಾರೆ. ಮಲ್ಲೇಶ್ವರದಲ್ಲೂ ಕರೆದು ಮಾಡಿದರು. ಭಾಷಣ ಕೇಳುತ್ತಾ ತೂಕಡಿಸಿದ ಟೀಚರ್, ಶಾಲು ಕೈಗೆ ಬಂದೊಡನೆ ಪೂರ್ತಿ ಎಚ್ಚರವಾಗಿ, ಅದರ ಉದ್ದ ಅಗಲ ಅಳೆದು ನೋಡಿದರು. "ಒಂದರ ಮೇಲೆ ಆರು ಮಕ್ಕಳು ಕೂರಬಹುದು. ಇನ್ನೊಂದೆರಡು ಸಿಗುತ್ತೇನ್ರೀ?" ಎಂದು ವೇದಿಕೆಯ ಮೇಲೇ ಕೇಳಿದರು. ಅಧ್ಯಕ್ಷರು ತಮಗೆ ಹೊದಿಸಿದ್ದನ್ನೂ ತೆಗೆದು ಕೊಡಬೇಕಾಯಿತು.

ಅವರ ಪೆಟ್ಟಿಗೆಗಳ ವಿಷಯ ಹೇಳಬೇಕು. ಒಂದು ಪೆಟ್ಟಿಗೆ ಅಂದರೆ ಒಂದು ತರಗತಿ. ಅದರೊಳಗೆ ಏನೇನಿದೆ ಎಂಬ ಪಟ್ಟಿಯನ್ನು ಮುಚ್ಚಳದ ಒಳಮೈಗೆ ಅಂಟಿಸಬೇಕು. 'ಪಟ್ಟಿಯಲ್ಲಿ ಇರುವುದೆಲ್ಲ ಇದೆ, ಇಲ್ಲದ್ದು ಯಾವುದೂ ಇಲ್ಲ' ಎಂಬ ಸಾಲಿನ ಕೆಳಗೆ ತುಂಬಿದವರು ರುಜು ಹಾಕಬೇಕು. ಹಿಂದೊಮ್ಮೆ ಯಾರೋ ಪುಣ್ಯಾತ್ಮರು ಒಂದು ಪೆಟ್ಟಿಗೆಯಲ್ಲಿ ಮಿಠಾಯಿ ಇಟ್ಟಿದ್ದರಂತೆ. ಒಂದು ಡೇರೆಯ ಮಕ್ಕಳು ತಿಂದರು, ಪಕ್ಕದ ಡೇರೆಯ ಮಕ್ಕಳು ನೋಡಿದರು. ಆ ದಿನ ಎರಡೂ ಕಡೆ ಪಾಠವಾಗಲಿಲ್ಲ. ಅವತ್ತಿನಿಂದ ಈ ನಿಯಮ.

ಹೋದ ವರ್ಷ ಆಫ್ರಿಕಾದ ಒಂದು ಗಡಿಯ ಶಿಬಿರಕ್ಕೆ ನಲವತ್ತು ಪೆಟ್ಟಿಗೆ ಹೋಗಬೇಕಿತ್ತು. ಹದಿನೆಂಟಕ್ಕೆ ಕೆಂಪು ಬಣ್ಣದ ಗುರುತು; ಅವು ಮೊದಲ ಸಲ ಅಕ್ಷರ ಕಲಿಯುವ ಪುಟ್ಟ ಮಕ್ಕಳಿಗೆ, ಸ್ಲೇಟು ಬಳಪದವು. ಮಿಕ್ಕವಕ್ಕೆ ಹಸಿರು ಗುರುತು. ದೊಡ್ಡ ಮಕ್ಕಳ ಪುಸ್ತಕ, ಜಾಮಿಟ್ರಿ ಪೆಟ್ಟಿಗೆ, ನಕ್ಷೆಗಳು. ಟೀಚರ್ ಮೊದಲೇ ಹೊರಡಬೇಕಿದ್ದರಿಂದ, "ನೀನು ತುಂಬಿಸಿ ರುಜು ಹಾಕಿ ಕಳಿಸು" ಎಂದು ಮನೆಯ ಬೀಗದಕೈ ನನ್ನ ಕೈಗೆ ಕೊಟ್ಟು ಹೋದರು. ನಲವತ್ತು ವರ್ಷದ ಮೇಲೆ ನನ್ನ ನದಿ ಸರಿಯಾಗಿ ಹರಿದಂತೆ ನನಗೆ ಹೆಮ್ಮೆಯಾಯಿತು.

ಭಾನುವಾರ ತ್ಯಾಗರಾಜನಗರದ ಆ ಮನೆಯ ಕಾರ್ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ನಾನು, ನನ್ನ ಜೊತೆ ಓದಿದ ಗೆಳೆಯ, ಜೊತೆಗೆ ನನ್ನ ಅಮ್ಮ. ಗೆಳೆಯನದು ಸರ್ಕಾರಿ ಕೆಲಸ. ಬಾಯಿ ಮಾತ್ರ ಯಾವ ಸರ್ಕಾರಕ್ಕೂ ಹೆದರುವುದಿಲ್ಲ. ಅಮ್ಮನಿಗೆ ಎಂಬತ್ತು ಹತ್ತಿರ. "ಮಕ್ಕಳ ಕೆಲಸಕ್ಕೆ ನಾನೂ ಒಂದು ಕೈ ಹಾಕ್ತೀನಿ" ಎಂದು ಹಟ ಹಿಡಿದು ಬಂದು ಕುರ್ಚಿಯಲ್ಲಿ ಕೂತಿದ್ದಳು. ಮಡಿಲಲ್ಲಿ ಸೆರಗಿನಡಿ ಏನೋ ಇತ್ತು. ನಾಲ್ಕೈದು ಪೆಟ್ಟಿಗೆ ತುಂಬುವಷ್ಟರಲ್ಲಿ ಅದು ಹೊರಗೆ ಬಂತು: ಒಂದು ಸ್ಟೀಲ್ ಡಬ್ಬಿ. ಅದರಲ್ಲಿ ಅರಿಶಿನ ಕಲಸಿದ ಅಕ್ಕಿ, ಅಂದರೆ ಮಂತ್ರಾಕ್ಷತೆ, ಮತ್ತೆ ಒಂದಷ್ಟು ಅರಿಶಿನದ ಕೊಂಬು.

"ಅಮ್ಮಾ, ಇದೇನು?"

"ಅಕ್ಷರ ಕಲಿಸೋ ಪೆಟ್ಟಿಗೆ ಕಣೋ. ಬರಿಗೈಲಿ ಕಳಿಸ್ತಾರಾ? ನಿನಗೆ ಮೊದಲನೇ ಅಕ್ಷರ ಬರೆಸಿದಾಗ ಸೇರಕ್ಕಿ ಹರಡಿ ಬರೆಸಿದೀವಿ. ಆ ಮಕ್ಕಳಿಗೆ ನಾಲ್ಕು ಕಾಳೂ ಬೇಡ್ವಾ?"

"ಪಟ್ಟಿಲಿ ಇಲ್ದಿದ್ದು ಹಾಕಂಗಿಲ್ಲಮ್ಮ. ಟೀಚರ್ ಬೈತಾರೆ."

"ನಿಮ್ ಟೀಚರ್ ನನಗಿಂತ ಚಿಕ್ಕೋಳು. ಬೈದ್ರೆ ನನ್ನನ್ನ ಬೈಲಿ."

ನಾನು ಗೆಳೆಯನ ಮುಖ ನೋಡಿದೆ. ಅವನು ಹಸಿರು ಗುರುತಿನ ಪೆಟ್ಟಿಗೆಯೊಂದರ ಮೇಲೆ ಬಗ್ಗಿ, ಗ್ಲೋಬನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದ. "ಆಶೀರ್ವಾದಕ್ಕೆ ಪಟ್ಟಿ ಯಾಕೆ ಗುರು? ಅಮ್ಮಾ, ನನ್ನ ತಲೆ ಮೇಲೂ ನಾಲ್ಕು ಕಾಳು ಹಾಕಿ, ಈ ಸಲನಾದ್ರೂ ಪ್ರಮೋಷನ್ ಬರ್ಲಿ" ಎಂದ. ಅಮ್ಮ ಎದ್ದು ಬಂದು ಅವನ ಬೋಳು ತಲೆಯ ಮೇಲೆ ಧಾರಾಳವಾಗಿಯೇ ಹಾಕಿದಳು. ಮೂವರೂ ನಕ್ಕೆವು. ಆಮೇಲೆ ನಾನು ಅತ್ತ ತಿರುಗಿ ಪುಸ್ತಕ ಎಣಿಸುತ್ತಾ ಕೂತೆ. ಅಮ್ಮ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಓಡಾಡುತ್ತಿದ್ದುದು ನನಗೆ ಕಾಣಿಸುತ್ತಿತ್ತು, ನೋಡಲಿಲ್ಲ, ಅಷ್ಟೆ. ಸಂಜೆ ನಲವತ್ತಕ್ಕೂ ರುಜು ಹಾಕಿದೆ. ಮೊದಲ ಒಂದೆರಡಕ್ಕೆ ಮೇಲಿನ ಸಾಲನ್ನು ಎರಡೆರಡು ಸಲ ಓದಿದೆ. ಕೊನೆಕೊನೆಗೆ ರೂಢಿಯಾಗಿಬಿಟ್ಟಿತು.

ಎರಡು ವಾರದ ಮೇಲೆ ಗುರುವಾರ ಬೆಳಿಗ್ಗೆ ಅಂಗಡಿಯಲ್ಲಿದ್ದಾಗ ಟೀಚರ್ ಫೋನು ಬಂತು.

"ಏನಯ್ಯಾ, ತಿಂಡಿ ಆಯ್ತಾ?"

ಅವರು ಯಾವತ್ತೂ ತಿಂಡಿ ಕೇಳಿದವರಲ್ಲ.

"ಇಲ್ಲಿ ಗಡಿಯ ತಪಾಸಣೆ ಆಫೀಸಲ್ಲಿ ಒಂದು ಪೆಟ್ಟಿಗೆ ತೆಗೆದು ನೋಡಿದಾರೆ. ಅಕ್ಕಿ ಇದೆಯಂತೆ, ಅರಿಶಿನದ ಕೊಂಬು ಇದೆಯಂತೆ. ನಲವತ್ತನ್ನೂ ಹಿಡಿದು ಇಟ್ಟಿದಾರೆ."

"ಟೀಚರ್, ಅದು ನಾಲ್ಕೇ ನಾಲ್ಕು ಕಾಳು. ಆ ಆಫೀಸರ್‌ಗೆ ಸ್ವಲ್ಪ ತಿಳಿಸಿ ಹೇಳಿದ್ರೆ..."

"ಆತ ಸರಿಯಾಗೇ ಮಾಡಿದಾನೆ" ಎಂದರು. ದನಿ ಏರಿರಲಿಲ್ಲ. "ಬೇರೆ ದೇಶದ ಕಾಳು, ಬೇರು ಬರಂಗಿಲ್ಲ ಇಲ್ಲಿಗೆ. ಅದರ ಜೊತೆ ಒಂದು ಹುಳ ಬಂದು ಇಲ್ಲಿಯ ಜೋಳಕ್ಕೆ ಬಿದ್ರೆ ಯಾರು ಹಸ್ಕೊಂಡಿರ್ತಾರೆ? ಈ ಮಕ್ಕಳೇ. ಈಗ ಕೇಳು. ಸೋಮವಾರ ಶಾಲೆ ಶುರುವಾಗಿರ್ಬೇಕು. ಆಗ್ಲಿಲ್ಲ ಅಂದ್ರೆ ನಮ್ಮ ಡೇರೆಗಳನ್ನ ಶಿಬಿರದವರು ದವಸ ಇಡೋಕೆ ತಗೊಳ್ತಾರೆ. ಜಾಗ ಇಲ್ಲ, ಅವರ ತಪ್ಪೂ ಅಲ್ಲ. ಯಾವ್ಯಾವ ಪೆಟ್ಟಿಗೇಲಿ ಕಾಳಿದೆ ಅಂತ ತುಂಬಿಸಿದವರು ಬರ್ಕೊಟ್ರೆ, ಅವನ್ನ ಮಾತ್ರ ಇಟ್ಕೊಂಡು ಮಿಕ್ಕಿದ್ದು ಬಿಡ್ತಾರಂತೆ. ಆದ್ರೆ ಪರೀಕ್ಷೆ ಮಾಡ್ತಾರೆ. ಇಲ್ಲ ಅಂತ ಬರೆದ ಕಡೆ ಒಂದು ಕಾಳು ಸಿಕ್ರೂ, ಒಂದೂ ಬಿಡಲ್ಲ."

ಬಂದ ಗಿರಾಕಿಯನ್ನು ಕೈಸನ್ನೆಯಲ್ಲೇ ಆಚೆ ಕಳಿಸಿದೆ.

"ನಲವತ್ತರ ಮೇಲೂ ನಿನ್ನ ರುಜು ಇದೆ. ಈ ಮನುಷ್ಯನ ಮಾತು ನಂಬಬಹುದಾ ಅಂತ ಆತ ನನ್ನ ಕೇಳಿದ. ನಾನು ನಿನ್ನ ಕೇಳ್ತಿದೀನಿ. ಸಂಜೆ ಒಳಗೆ ಹೇಳು."

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅಂಗಡಿಯನ್ನು ಪಕ್ಕದವರಿಗೆ ನೋಡಿಕೊಳ್ಳಲು ಹೇಳಿ, ಚಾಮರಾಜಪೇಟೆಯ ಮನೆಗೆ ಆಟೋ ಹತ್ತಿದೆ. ಗೆಳೆಯನಿಗೂ ಫೋನು ಮಾಡಿ ಬರಹೇಳಿದೆ.

ಅಮ್ಮ ಹುಳಿಗೆ ತೊಗರಿಬೇಳೆ ಆರಿಸುತ್ತಿದ್ದಳು. ಎಲ್ಲ ಹೇಳಿದೆ. ಮೊದಲು ಅವಳಿಗೆ ಕೋಪ ಬಂತು: ಅಕ್ಷತೆಯನ್ನು ಬೇಡವೆನ್ನುವವರು ಎಂಥ ಜನ! ಆಮೇಲೆ ನಾನು ಹುಳದ ಮಾತು ಹೇಳಿದೆ. ಕಾಳು ಆರಿಸುತ್ತಿದ್ದ ಕೈ ನಿಂತಿತು. ಮೊರದ ಅಂಚಿನಲ್ಲಿ ಹುಳುಕು ಬೇಳೆಯ ಒಂದು ಚಿಕ್ಕ ಗುಡ್ಡೆ ಇತ್ತು. ಅದನ್ನು ನೋಡಿದಳು.

"ಅಂದ್ರೆ ನನ್ನ ಅಕ್ಕಿಯಿಂದ ಆ ಕೂಸುಗಳಿಗೆ ಸ್ಲೇಟಿಲ್ಲ."

"ಅದು ಆಮೇಲೆ ನೋಡೋಣಮ್ಮ. ಯಾವ ಯಾವ ಪೆಟ್ಟಿಗೆಗೆ ಹಾಕಿದೆ, ನೆನಪಿದೆಯಾ?"

"ನೆನಪಿರೋದೇನು ಬಂತು? ಕೆಂಪು ಗುರುತಿಂದಕ್ಕೆ ಮಾತ್ರ ಹಾಕಿದೀನಿ. ಹದಿನೆಂಟಕ್ಕೂ ಹಾಕಿದೀನಿ. ದೊಡ್ಡ ಮಕ್ಕಳು ಆಗಲೇ ಅಕ್ಷರ ಕಲ್ತಿರ್ತಾರೆ, ಅವಕ್ಕೆ ಯಾಕೆ ಹಾಕ್ಲಿ? ಎಣಿಸ್ಕೊಂಡು ಹದಿನೆಂಟೇ ಕೊಂಬು ತಂದಿದ್ದೆ, ಒಂದೂ ಉಳಿಲಿಲ್ಲ."

ನನಗೆ ಹೋದ ಉಸಿರು ಬಂದಂತಾಯಿತು. ಇಪ್ಪತ್ತೆರಡು ಪೆಟ್ಟಿಗೆ ಉಳಿದವು! ಕಾಗದ ತೆಗೆದು ಕೆಂಪು ಗುರುತಿನ ನಂಬರುಗಳನ್ನು ಬರೆಯುತ್ತಿದ್ದೆ. ಗೆಳೆಯ ಆಗ ಬಂದ. ಅಮ್ಮ ಅವನ ತಲೆಯನ್ನೇ ದಿಟ್ಟಿಸಿ ನೋಡಿದಳು.

"ಅವತ್ತು ನಿನ್ನ ತಲೆ ಮೇಲೆ ಹಾಕಿದ್ನಲ್ಲ, ನೀನು ಯಾವ ಪೆಟ್ಟಿಗೆ ಮೇಲೆ ಬಗ್ಗಿದ್ದೆ?"

ಅವನು ತಲೆ ಸವರಿಕೊಂಡ. "ಗ್ಲೋಬ್ ಇಟ್ಟಿದ್ದು. ಹಸಿರಿಂದು. ಮೂವತ್ತೊಂದನೇ ನಂಬರ್." ಹೇಳುತ್ತಾ ಹೇಳುತ್ತಾ ಅವನಿಗೂ ಅರ್ಥವಾಯಿತು. "ಏಯ್, ಬಿಡಮ್ಮ. ತಲೆ ಮೇಲಿಂದ ಎರಡು ಕಾಳು ಬಿದ್ದಿರಬಹುದು, ಬಿದ್ದಿಲ್ದೆನೂ ಇರಬಹುದು. ಗುರು, ಅದನ್ನ ಬರೀಬೇಡ. ನಲವತ್ತರಲ್ಲಿ ಇರೋದು ಒಂದೇ ಗ್ಲೋಬು. ಟೀಚರ್ ಭೂಗೋಳದೋರು. ಅದನ್ನೂ ಕಿತ್ಕೊಂಡ್ರೆ ಅವರ ಮುಖ ಹೆಂಗೆ ನೋಡ್ತೀಯಾ?"

"ಪರೀಕ್ಷೆ ಮಾಡ್ತಾರಂತೆ."

"ಇಪ್ಪತ್ತೆರಡರಲ್ಲಿ ಅದನ್ನೇ ತೆಗೀತಾರಾ? ನಮ್ಮ ಆಫೀಸಲ್ಲಿ ಆಗಿದ್ರೆ ಒಂದೂ ತೆಗೀತಿರ್ಲಿಲ್ಲ."

ನಿಜ ಹೇಳುತ್ತೇನೆ, ಆ ಮಾತು ನನಗೆ ಹಿತವಾಗಿತ್ತು. ಪೆನ್ನು ಹಿಡಿದೇ ಕೂತಿದ್ದೆ. ಅಮ್ಮ ಮೊರವನ್ನು ಪಕ್ಕಕ್ಕೆ ಸರಿಸಿ, "ಬರಿ" ಎಂದಳು. ಗೆಳೆಯ ಮತ್ತೆ ಬಾಯಿ ತೆರೆದರೆ ಅಮ್ಮ ಬಿಡಲಿಲ್ಲ. "ನೀನು ಸುಮ್ನಿರು, ಪ್ರಮೋಷನ್ನು. ಮೂವತ್ತೊಂದು ಅಂತ ಬರಿಯೋ. ಕೈಲಿ ಹಾಕಿದ್ದಲ್ಲ, ತಲೆಯಿಂದ ಬಿದ್ದಿರಬಹುದು ಅಂತನೂ ಬರಿ. ನಾನು ಹಾಕಿದ್ದು ಅಂತ ಬರಿ. ನೀನು ನೋಡಿನೂ ಸುಮ್ನಿದ್ದೆ ಅಂತನೂ ಬರಿ."

ಬರೆದೆ. ಹೇಳಿದಂತೆಯೇ ಬರೆದೆ. ಗೆಳೆಯನೇ ಕೂತು ಅದನ್ನು ಇಂಗ್ಲಿಷಿಗೆ ತಿರುಗಿಸಿದ; ಬೋಳು ತಲೆಯ ವಿಷಯ ಬಂದಾಗ ಮಾತ್ರ 'ತಲೆ' ಎಂದಷ್ಟೇ ಹಾಕಿಕೊಂಡ. ಅದರ ಚಿತ್ರ ತೆಗೆದು ಟೀಚರ್‌ಗೆ ಕಳಿಸಿದೆವು. ಉತ್ತರ ಬರಲಿಲ್ಲ. ಶುಕ್ರವಾರವೂ ಬರಲಿಲ್ಲ. ಅಂಗಡಿಯಲ್ಲಿ ಯಾರು ಸ್ಲೇಟು ಕೇಳಿದರೂ ನನಗೆ ಎಣಿಕೆ ತಪ್ಪುತ್ತಿತ್ತು.

ಶನಿವಾರ ಮಧ್ಯಾಹ್ನ ಫೋನು ಬಂತು. ಆ ಅಧಿಕಾರಿ ಕಾಗದವನ್ನು ಎರಡು ಸಲ ಓದಿದನಂತೆ. ಓದಿ, ಮೂವತ್ತೊಂದನೆಯ ಪೆಟ್ಟಿಗೆಯನ್ನೇ ಮೊದಲು ತರಿಸಿದನಂತೆ. ಗ್ಲೋಬಿಗೆ ಸುತ್ತಿದ ಪೇಪರಿನ ಮಡಿಕೆಯಲ್ಲಿ ಮೂರು ಕಾಳು ಇದ್ದವು.

"ಮೂರು ಕಾಳನ್ನ ಮೇಜಿನ ಮೇಲೆ ಇಟ್ಕೊಂಡು ಬಹಳ ಹೊತ್ತು ನೋಡ್ದ" ಎಂದರು ಟೀಚರ್. "ಆಮೇಲೆ, ತಲೆಯಿಂದ ಬಿದ್ದಿದ್ದನ್ನೂ ಬರೆಯೋ ಜನ ಮಿಕ್ಕಿದ್ದರಲ್ಲಿ ಸುಳ್ಳು ಹೇಳಲ್ಲ ಅಂದ. ಒಂದೆರಡು ತೆಗೆದು ನೋಡಿ, ಇಪ್ಪತ್ತೊಂದನ್ನೂ ಬಿಟ್ಟ. ಲಾರಿ ಹೊರಟಿದೆ."

"ಗ್ಲೋಬು?"

"ಅದು ಆಮೇಲೆ ಬರುತ್ತೆ ಬಿಡು. ಭೂಮಿ ಎಲ್ಲಿಗೂ ಹೋಗಲ್ಲ."

ಸೋಮವಾರ ಒಂದು ಚಿತ್ರ ಬಂತು. ಡೇರೆಯ ನೆರಳಲ್ಲಿ ಮರಳನ್ನು ಸಮ ಮಾಡಿ ಹರಡಿದ್ದರು. ಪುಟ್ಟ ಮಕ್ಕಳು ಸಾಲಾಗಿ ಕೂತಿದ್ದರು, ಕೆಲವರ ಅಡಿಯಲ್ಲಿ ಮಲ್ಲೇಶ್ವರದ ಸನ್ಮಾನದ ಜರಿ ಅಂಚು. ಒಂದೊಂದು ಪುಟ್ಟ ಮಗುವಿನ ಪಕ್ಕದಲ್ಲೂ ಒಬ್ಬ ದೊಡ್ಡ ಹುಡುಗ ಅಥವಾ ಹುಡುಗಿ. ದೊಡ್ಡವರು ಚಿಕ್ಕವರ ಬೆರಳು ಹಿಡಿದು ಮರಳಲ್ಲಿ ಬರೆಸುತ್ತಿದ್ದರು. ಸ್ಲೇಟು ಬರುವ ತನಕ ಹೀಗೆ ಎಂದು ಟೀಚರ್ ಏರ್ಪಾಡು ಮಾಡಿದ್ದರು. ಹಾಗೆ ಹಿಡಿದು ಬರೆಸುವ ದೊಡ್ಡ ಮಕ್ಕಳಲ್ಲಿ ಅವರಿಗೆ ಇಬ್ಬರು ಒಳ್ಳೆಯ ಟೀಚರುಗಳೂ ಸಿಕ್ಕಿದ್ದರಂತೆ.

ಅಮ್ಮ ಫೋನು ಕಸಿದುಕೊಂಡು ಎರಡು ಬೆರಳಲ್ಲಿ ಚಿತ್ರವನ್ನು ಹಿಗ್ಗಿಸಿ ನೋಡಿದಳು. ಒಂದು ಮಗುವಿನ ಕೈ, ಅದನ್ನು ಹಿಡಿದ ಇನ್ನೊಂದು ಕೈ, ಅಷ್ಟೇ ಪರದೆಯ ತುಂಬ. "ಸರಿಯಾಗಿ ಹಿಡಿದಿದಾಳೆ" ಎಂದು ಫೋನು ವಾಪಸು ಕೊಟ್ಟಳು.

ಕೆಂಪು ಪೆಟ್ಟಿಗೆಗಳ ಸಾಮಾನು ಶಿಬಿರ ಸೇರಲು ತಿಂಗಳ ಮೇಲಾಯಿತು. ಅಕ್ಕಿ, ಕೊಂಬು, ಪೆಟ್ಟಿಗೆಯ ರಟ್ಟು ಎಲ್ಲ ಸುಟ್ಟು, ಸ್ಲೇಟುಗಳನ್ನು ತೊಳೆದು ಕೊಟ್ಟರಂತೆ. ಒಂದೂ ಒಡೆದಿರಲಿಲ್ಲ. ಗ್ಲೋಬು ಮರದ ಪೀಠ ಕಳೆದುಕೊಂಡು ಬರಿ ಚೆಂಡಾಗಿ ಬಂತು. ಮಕ್ಕಳು ಅದನ್ನು ಹಗ್ಗದಲ್ಲಿ ಡೇರೆಯ ಕಂಬಕ್ಕೆ ನೇತುಹಾಕಿದರು.

ಟೀಚರ್ ಬೆಂಗಳೂರಿಗೆ ಬಂದವರು ನೇರ ನಮ್ಮ ಮನೆಗೆ ಬಂದರು. ನಾನು ಬಾಗಿಲ ಹಿಂದೆ ಹೋಗಿ ನಿಲ್ಲುವುದೊಂದು ಬಾಕಿ. ಅಮ್ಮ ಬೆಳಗಿನಿಂದ ಕೋಡುಬಳೆ ಕರಿದಿಟ್ಟಿದ್ದಳು. ಕ್ಷಮೆ ಕೇಳುವುದು ಅವಳಿಗೆ ಬರುವುದು ಹಾಗೇ. ಟೀಚರ್ ಎರಡು ತಿಂದು, ಮೂರನೆಯದನ್ನು ಕೈಯಲ್ಲಿ ಹಿಡಿದು ಹೇಳಿದರು:

"ಮುಂದಿನ ಸಲದಿಂದ ಪೆಟ್ಟಿಗೆಗಳಿಗೆ ಇವನು ರುಜು ಹಾಕೋದು ಬೇಡ. ನೀವು ಹಾಕಿ."

"ನಾನಾ? ನಾನು ನಾಲ್ಕನೇ ಕ್ಲಾಸಮ್ಮ. ಅದೂ ಅಲ್ದೆ, ತಪ್ಪು ಮಾಡಿದೋಳೇ ನಾನು."

"ಅದಕ್ಕೇ. ಹದಿನೆಂಟು ಪೆಟ್ಟಿಗೆ ನೀವು ನೆನಪಿಟ್ಕೊಂಡಿದ್ರಿ. ಅವನ ತಲೆ ಮೇಲಿಂದ ಬಿದ್ದಿದ್ದನ್ನೂ ಮರೀಲಿಲ್ಲ. ನೀರಿನ ಸಾಲಲ್ಲಿ ಸಿಕ್ಕಿದ್ರೆ ನಿಮ್ಮನ್ನ ಅಲ್ಲೇ ಹಿಡ್ಕೊಂಡ್ಬಿಡ್ತಿದ್ದೆ."

ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, "ಕಾಗದ ಚೆನ್ನಾಗಿ ಬರೆದಿದ್ದೆ. ಮೊದಲೇ ಬರೀಬೇಕಿತ್ತು" ಎಂದರು. ಅಷ್ಟೇ ಬೈಗುಳ. ಇವತ್ತಿಗೂ ಉರಿಯುತ್ತದೆ.

ಈ ವರ್ಷದ ಪೆಟ್ಟಿಗೆಗಳನ್ನು ಹೋದ ಭಾನುವಾರ ತುಂಬಿದೆವು. ಪೆಟ್ಟಿಗೆಗಳು ಬರುವುದಕ್ಕೂ ಮುಂಚೆ, ಖಾಲಿ ಶೆಡ್ಡಿನಲ್ಲಿ ನಮ್ಮೆಲ್ಲರನ್ನೂ ಸಾಲಾಗಿ ನಿಲ್ಲಿಸಿ ಅಮ್ಮ ತಲೆಗಳ ಮೇಲೆ ಅಕ್ಷತೆ ಹಾಕಿದಳು, ಟೀಚರ್ ತಲೆಯೂ ಸೇರಿ. ಆಮೇಲೆ ಎಲ್ಲರ ತಲೆ ಕೊಡವಿಸಿ, ನೆಲ ಎರಡು ಸಲ ಗುಡಿಸಿಸಿ, ಕೈ ತೊಳೆಸಿ, ಕನ್ನಡಕ ಏರಿಸಿಕೊಂಡು ಕುರ್ಚಿಯಲ್ಲಿ ಕೂತಳು. ತುಂಬಿದ ಪೆಟ್ಟಿಗೆಗಳು ಒಂದೊಂದಾಗಿ ಅವಳ ಮುಂದೆ ಹೋಗಬೇಕು. ಒಳಗೆ ಕೈಯಾಡಿಸಿ, ಪಟ್ಟಿ ಓದಿಸಿ, ಆಮೇಲೆ ದೊಡ್ಡ ದೊಡ್ಡ ಅಕ್ಷರದಲ್ಲಿ, ಒಂದೊಂದೇ ಗೆರೆ ಎಳೆದು, ತನ್ನ ಹೆಸರು ಬರೆಯುತ್ತಿದ್ದಳು.

ನಾನು ತುಂಬಿದ ಏಳನೆಯ ಪೆಟ್ಟಿಗೆಯಲ್ಲಿ ಅವಳ ಕೈ ನಿಂತಿತು. ಎರಡು ಬೆರಳಲ್ಲಿ ಏನನ್ನೋ ಎತ್ತಿ ಬೆಳಕಿಗೆ ಹಿಡಿದಳು.

"ಏನೋ ಇದು?"

ಕಡಲೆಕಾಯಿ ಸಿಪ್ಪೆ. ಬರುವ ದಾರಿಯಲ್ಲಿ ಕೊಂಡು ಜೇಬಿಗೆ ಹಾಕಿಕೊಂಡಿದ್ದೆ.

"ಪಟ್ಟಿಲಿ ಇದೆಯಾ?"

"ಇಲ್ಲಮ್ಮ."

"ಜೇಬು ಖಾಲಿ ಮಾಡು. ಪೆಟ್ಟಿಗೆನೂ ಖಾಲಿ ಮಾಡು. ಮೊದಲಿಂದ ತುಂಬು."

ಗೆಳೆಯ ನಗು ತಡೆಯಲಾರದೆ ಹೊರಗೆ ಓಡಿದ. ಟೀಚರ್ ಕಡೆ ನೋಡಿದೆ, ನನ್ನ ಪರವಾಗಿ ಒಂದು ಮಾತಾದರೂ ಆಡಿಯಾರೆಂದು. ಅವರು ಮೂಲೆಯಲ್ಲಿ ಬೋರಲು ಡಬ್ಬದ ಮೇಲೆ ಕೂತಿದ್ದರು. ತಲೆಯೆತ್ತಲೇ ಇಲ್ಲ. ಒಂದು ಸ್ಲೇಟನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಕೈ ಬಿಟ್ಟರು.